ಶರದ್ ಋತು ಅಂದ್ರ ಮೇಪಲ್ ಎಲಿನೇ ಯಾಕ? ನಾಲ್ಕು-ಐದನೇ ಇಯತ್ತೆಗೆ ಏನ್ ತಗಸೂಣು

ಮುದ್ದೇಬಿಹಾಳ_ಟೀಚರ್:
ನಾಲ್ಕು, ಐದನೇ ಇಯತ್ತೆ ಕೂಡಿ 40 ಮಕ್ಕಳು. ಚಿತ್ರಕಲಾಕ್ಕ ವಾರದಾಗ ಒಂದ ಪಿರಿಯಡ್, 40 ನಿಮಿಷ. ದಸರಾ ರಜೆ ಮುಗದ ಮ್ಯಾಲ ‘ಶರದ್ ಋತು’ ಅಂತ ಗೋಡೆ ತುಂಬ ಚಿತ್ರ ಹಚ್ಚಬೇಕಾಗೇದ. ಮೊಬೈಲ್‌ನ್ಯಾಗ ಹುಡುಕಿದ್ರ ಬರೇ ಮೇಪಲ್ ಎಲಿ, ಕುಂಬಳಕಾಯಿ, ಅಳಿಲು. ನಮ್ಮ ಮಕ್ಕಳು ಮೇಪಲ್ ಎಲಿ ನೋಡಿದ್ದಿಲ್ಲ. ಎಲ್ಲಾರ ಕಡೆ ಕ್ರೆಯಾನ್ ಅದಾವ, ಅರ್ಧ ಮಂದಿ ಕಡೆ ವಾಟರ್ ಕಲರ್ ಡಬ್ಬಿ. ಕಾಗದ ಅಂದ್ರ ಜೆರಾಕ್ಸ್ ಕಾಗದ. ಎಲಿ ಕೆಳಗಿಟ್ಟು ತಿಕ್ಕಿಸಿದ್ರ ಎಲಿ ಸರದು ಎರಡೆರಡು ಗೆರಿ ಬರ್ತಾವ, ನೀರಿನ ಬಣ್ಣ ಹಚ್ಚಿದ್ರ ಕಾಗದ ಸುರುಳಿ ಸುತ್ತತದ. ಏನ್ ತಗಸೂಣು, ಹೆಂಗ ತಗಸೂಣು, ತಿಳದವರು ಹೇಳ್ರಿ.

ಬೈಲಹೊಂಗಲ_ಡ್ರಾಯಿಂಗ್:
ಟೀಚರ್, ಮೊದಲ ಪಂಚಾಂಗ ನೋಡ್ರಿ. ಶರದ್ ಅಂದ್ರ ಆಶ್ವೀಜ-ಕಾರ್ತೀಕ. ನಮ್ಮ ಕಡೆ ಎಲಿ ಉದುರೂದು ಶಿಶಿರದಾಗ, ಮಾಘ-ಫಾಲ್ಗುಣದ ಒಣ ಹವಾಕ್ಕ. ಮೇಪಲ್ ಬೆಳೆಯೋ ದೇಶದಾಗ ಹಗಲು ಗಿಡ್ಡ ಆಗಿ ಥಂಡಿ ಬೀಳ್ತಿದ್ದಂಗ ಎಲಿಯೊಳಗಿನ ಪತ್ರಹರಿತ್ತು, ಅಂದ್ರ ಹಸಿರ ಬಣ್ಣದ ವಸ್ತು, ಒಡದು ಹೋಗ್ತದ. ಮೊದಲ ಒಳಗ ಇದ್ದ ಹಳದಿ ಆಗ ಕಾಣಸ್ತದ, ಕೆಂಪು ಮಾತ್ರ ಹೊಸದಾಗಿ ತಯಾರಾಗ್ತದ. ಮುದ್ದೇಬಿಹಾಳಕ್ಕ ಅಕ್ಟೋಬರ್‌ದಾಗ ಆ ಥಂಡಿ ಎಲ್ಲಿಂದ ಬರಬೇಕು? ಇಲ್ಲಿ ಮೇಪಲ್ ತಗಸಿದ್ರ ಮಗು ಎಲಿ ನೋಡಿ ತಗಿಯೂದಿಲ್ಲ, ಇನ್ನೊಬ್ಬರ ಚಿತ್ರ ನೋಡಿ ತಗೀತದ.

ನಿಮ್ಮ ಹೊಲದಾಗ ಆ ಹೊತ್ತಿಗೆ ತೊಗರಿ ಹೂ, ಗುರೆಳ್ಳು ಹೂ, ಚೆಂಡು ಹೂ, ಒಡದ ಹತ್ತಿ ಇರ್ತಾವ. ಎಲಿ ಹಳದಿ ಆಗೂದ ಬೇಕಂದ್ರ ನಮ್ಮ ಬೆಳಗಾವಿ ಕಡೆ ಸೋಯಾ ಅದ, ಕಾಯಿ ಬಲಿತ ಮ್ಯಾಲ ಎಲಿ ಖರೇನ ಹಳದಿ ಆಗಿ ಉದುರತಾವ. ಜೋಳದ ತೆನಿ ಮಾತ್ರ ತಗಸಬ್ಯಾಡ್ರಿ. ಹಿಂಗಾರಿ ಜೋಳ ಸೆಪ್ಟೆಂಬರ್-ಅಕ್ಟೋಬರ್‌ದಾಗ ಬಿತ್ತೂದು, ನಿಮ್ಮ ಪ್ರದರ್ಶನದ ಹೊತ್ತಿಗೆ ಇನ್ನೂ ಎಳೆ ಪೈರು. ತೆನಿ ತಗಸಿದ್ರ ಒಕ್ಕಲಿಗರ ಹುಡುಗ್ರು ನಿಮ್ಮನ್ನ ತಿದ್ದತಾರ.

ಹತ್ತಿಯಿಂದ ಸುರು ಮಾಡ್ರಿ. ಒಡದ ಕಾಯಿ ಒಂದು ಕಡ್ಡಿ ಸಮೇತ ತಂದು ಐದು ಮಕ್ಕಳ ನಡಬರಕ ಇಡ್ರಿ. ಮಕ್ಕಳು ಮೋಡ ತಗದಂಗ ಒಂದ ಗುಂಡು ಉಂಡಿ ತಗೀತಾರ. ಆದ್ರ ಕಾಯಿ ಒಡದಾಗ ಅರಳಿ ನಾಲ್ಕು ಇಲ್ಲಾ ಐದು ತೊಳಿ ಆಗಿರ್ತದ, ಎರಡು ತೊಳಿ ನಡುವ ಒಣಗಿದ ಸಿಪ್ಪಿ ಚೂಪಾಗಿ ಹೊರಗ ಚಾಚಿರ್ತದ. ಅದಕ್ಕ ಮೊದಲ ಸಿಪ್ಪಿಯ ನಕ್ಷತ್ರದಂಥ ಆಕಾರ ತಗಸ್ರಿ, ಆಮ್ಯಾಲ ತೊಳಿ ಎಣಿಸಿ ತುಂಬಸ್ರಿ. ಬಿಳಿ ಕಾಗದದ ಮ್ಯಾಲ ಬಿಳಿ ಹತ್ತಿ ಕಾಣೂದಿಲ್ಲ, ಪುಸ್ತಕಕ್ಕ ಹಾಕೋ ಖಾಕಿ ಕಾಗದ ಕೊಡ್ರಿ. ಹೊಳಪಿಲ್ಲದ ಮಗ್ಗಲ ಮ್ಯಾಲ ಮಾಡಬೇಕು, ಹೊಳಪಿನ ಮ್ಯಾಲ ಬಣ್ಣ ಜಾರತದ. ಬಿಳಿ ಕ್ರೆಯಾನ್ ಮಂಕಾಗಿ ಬರ್ತದ, ಖಡು (ಚಾಕ್‌ಪೀಸ್) ಚಲೋ. ಒಂದು ಲೋಟ ನೀರಿಗೆ ಮೂರು ಚಮಚ ಸಕ್ರಿ ಕರಗಿಸಿ ಖಡು ಹತ್ತು ನಿಮಿಷ ನೆನಸ್ರಿ, ಹಸಿ ಇದ್ದಾಗನ ತಗಸ್ರಿ. ಪುಡಿ ಉದುರೂದು ಕಮ್ಮಿ ಆಗ್ತದ, ಬಿಳಿ ಗಟ್ಟಿ ಬರ್ತದ. ನೆರಳಿಗೆ ಖಾಕಿ ಬಣ್ಣನ ಸಾಕು, ತೊಳಿ ಕೆಳಗಿನ ಅಂಚಿಗೆ ಮಾತ್ರ ತೆಳ್ಳಗ ನೀಲಿ.

ಬಾಗಲಕೋಟೆ_ಬಣ್ಣದಂಗಡಿ:
ಎಲೆ ತಿಕ್ಕುವ ವಿಷಯಕ್ಕೆ ಬರುತ್ತೇನೆ. ಎಲೆ ಸರಿಯುವುದಕ್ಕೆ ಕಾರಣ ಕೈಯಲ್ಲ, ಅದನ್ನು ಅಂಟಿಸದೇ ಇರುವುದು. ತೊಟ್ಟಿನ ಹತ್ತಿರ ಒಂದು ಹನಿ ಗೋಂದು ಹಾಕಿ ಎಲೆಯನ್ನು ಬೆಂಚಿಗಲ್ಲ, ಹಳೆ ನೋಟ್‌ಬುಕ್ ರಟ್ಟಿಗೆ ಹಚ್ಚಿಸಿ. ನರಗಳು ಎದ್ದಿರುವ ಹಿಂಬದಿ ಮೇಲಕ್ಕಿರಲಿ. ಜೆರಾಕ್ಸ್ ಕಾಗದ 70-75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರುತ್ತದೆ, ಈ ಕೆಲಸಕ್ಕೆ ಅದೇ ಒಳ್ಳೆಯದು. ದಪ್ಪ ಡ್ರಾಯಿಂಗ್ ಕಾಗದದಲ್ಲಿ ನರ ಮೂಡುವುದಿಲ್ಲ. ಕ್ರೆಯಾನಿನ ಸುತ್ತಿನ ಕಾಗದ ಸುಲಿದು ಅದನ್ನು ಅಡ್ಡ ಮಲಗಿಸಿ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಬೇಕು. ತುದಿಯಿಂದ ಗೀಚಿದರೆ ನರಕ್ಕಿಂತ ಗೀಚಿದ ಗೆರೆಯೇ ಎದ್ದು ಕಾಣುತ್ತದೆ. ಕಿತ್ತ ತಕ್ಷಣದ ಎಲೆ ರಸ ಬಿಟ್ಟು ಕಾಗದಕ್ಕೆ ಕಲೆ ಮಾಡುತ್ತದೆ, ಪೂರ್ತಿ ಒಣಗಿದ್ದು ಪುಡಿಯಾಗುತ್ತದೆ. ಹಿಂದಿನ ದಿನ ಕಿತ್ತು ಪುಸ್ತಕದ ನಡುವೆ ಒತ್ತಿಟ್ಟಿದ್ದರೆ ಸರಿ. ಅರಳಿ, ಪೇರಲ, ಬಾದಾಮಿ ಎಲೆ ಚೆನ್ನಾಗಿ ಬರುತ್ತವೆ.

ದಸರಾ ಬನ್ನಿಯನ್ನೂ ಬಿಡಬೇಡಿ. “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅಂತ ಕೊಡುವ ಎಲೆ ಎಲ್ಲ ಕಡೆ ಒಂದೇ ಗಿಡದ್ದಲ್ಲ. ಬನ್ನಿ ಗಿಡದ್ದು ಚೂರು ಚೂರು ಎಲೆ, ತಿಕ್ಕಿದರೆ ಬರೀ ಚುಕ್ಕೆ. ಬೆಳಗಾವಿ ಕಡೆ, ಮಹಾರಾಷ್ಟ್ರದಲ್ಲಿ ಕೊಡುವ ಆಪ್ಟಾ ಎಲೆ ಎರಡು ಹಾಲೆಯದು, ನಡುವೆ ಸೀಳು. ಅದು ತಿಕ್ಕಲಿಕ್ಕೂ ಚಂದ, ಕಾಗದ ಎರಡಾಗಿ ಮಡಚಿ ಅರ್ಧ ಎಲೆ ಕತ್ತರಿಸಿ ಬಿಚ್ಚಿ ತೋರಿಸಲಿಕ್ಕೂ ಅನುಕೂಲ.

ನೀರಿನ ಬಣ್ಣಕ್ಕೆ ಜೆರಾಕ್ಸ್ ಕಾಗದ ಸಾಲದು. ಕನಿಷ್ಠ 120 ಜಿಎಸ್‌ಎಂ ಕಾರ್ಟ್ರಿಜ್ ಅನ್ನುವ ದಪ್ಪ ಡ್ರಾಯಿಂಗ್ ಕಾಗದ ತನ್ನಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಣಗುವ ತನಕ ಟೇಪ್ ಕೀಳಬೇಡಿ. ಒಂದೇ ಮಗ್ಗಲು ನೀರು ಕುಡಿದು ಹಿಗ್ಗುವುದರಿಂದಲೇ ಕಾಗದ ಸುತ್ತುವುದು. ಮೊದಲು ಹಳದಿ ಕ್ರೆಯಾನಿನಿಂದ ಒತ್ತಿ ನರ ಎಳೆಸಿ, ಮೇಲೆ ತೆಳು ನೀರುಬಣ್ಣ ಹಚ್ಚಿಸಿದರೆ ಮೇಣ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ನರ ತಾನೇ ಉಳಿಯುತ್ತದೆ. ಅಗ್ಗದ ಕ್ರೆಯಾನಿನಲ್ಲಿ ಮೇಣ ಕಮ್ಮಿ ಇದ್ದರೆ ಇದು ಕೆಡುತ್ತದೆ, ಆಗ ಮೇಣದಬತ್ತಿ ಚೂರು ಕೊಡಿ. ಪೋಸ್ಟರ್ ಕಲರ್ ಬೇಡವೇ ಬೇಡ, ಅದು ಮೇಣವನ್ನೂ ಮುಚ್ಚಿಬಿಡುತ್ತದೆ.

ಚಿತ್ರದ ಸುತ್ತ ಅಂಚು ಬೇಕಾದರೆ ಇಳಕಲ್ ಸೀರೆಯ ಟೋಪ್ ತೆನಿ ಸೆರಗು ನೋಡಿಸಿ. ಚೌಕಳಿ ಕಾಗದದ ಮೇಲೆ ಮನೆ ಎಣಿಸಿ ಕೆಂಪು-ಬಿಳಿ ತುಂಬಿಸುತ್ತ ಹೋದರಾಯಿತು, ಐದನೆಯವರು ತಾವೇ ಮಾಡುತ್ತಾರೆ. (ಮೇಲಿನ ಸರ್ ತೆನೆ ಬೇಡ ಅಂದಿದ್ದು ಹೊಲಕ್ಕೆ, ಸೆರಗಿಗಲ್ಲ ಅಂದುಕೊಳ್ಳುತ್ತೇನೆ.)

ತಿಕೋಟಾ_ದ್ರಾಕ್ಷಿ:
ಏಳನೇ ಇಯತ್ತೆ ಮಕ್ಕಳಿದ್ರ ದ್ರಾಕ್ಷಿ ತ್ವಾಟ ತಗಸ್ರಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೂದು) ಆದ ಮ್ಯಾಲ ಬಳ್ಳಿಗೆ ಒಂದ ಎಲಿ ಇರೂದಿಲ್ಲ, ಬರೇ ಕಂಬ, ತಂತಿ, ಕಂದು ಕಡ್ಡಿ. ನಮ್ಮ ಜಿಲ್ಲೆದಾಗ ಶರದ್‌ದಾಗ ಬೋಳು ಗಿಡ ಬೇಕಂದ್ರ ಇದ. ಆದ್ರ ಹತ್ತು-ಹದಿನೈದು ದಿನಕ್ಕ ಚಿಗರು ಒಡೀತದ, ಜಲ್ದಿ ನೋಡಿ ಬರ್ರಿ.

ದೂರ ಹೋದಂಗ ಕಂಬ ಸಣ್ಣ ಆಗೂದು ಕಲಸಾಕ ಇದರಷ್ಟು ಸರಳ ಯಾವುದಿಲ್ಲ. ಕಣ್ಣಿನ ಮಟ್ಟಕ್ಕ ಅಡ್ಡ ಗೆರಿ, ಅದರ ಮ್ಯಾಲ ಒಂದು ಚುಕ್ಕಿ. ಮೊದಲನೇ ಕಂಬದ ತುದಿ, ನಡು, ಬುಡ, ಮೂರರಿಂದನೂ ಚುಕ್ಕಿಗೆ ಗೆರಿ. ಎರಡನೇ ಕಂಬ ಅಂದಾಜಿಲೆ ನಿಲ್ಲಸ್ರಿ. ಮೂರನೇದು ಅಂದಾಜಲ್ಲ: ಮೊದಲನೇ ಕಂಬದ ತುದಿಯಿಂದ ಎರಡನೇದರ ನಡು ಹಾದು ಗೆರಿ ಎಳದ್ರ ಅದು ಬುಡದ ಗೆರಿ ಮುಟ್ಟಿದಲ್ಲೆ ಮೂರನೇ ಕಂಬ. ಮುಂದಿನವೂ ಹಂಗ. ಮಕ್ಕಳು ಕಂಬ ಗಿಡ್ಡ ಮಾಡತಾರ, ನಡುವಿನ ಅಂತರ ಕಮ್ಮಿ ಮಾಡೂದು ಮರೀತಾರ. ಅದಕ್ಕ ಸ್ಕೇಲ್ ಬೇಕ.

ಮುದ್ದೇಬಿಹಾಳ_ಟೀಚರ್:
ಎಲ್ಲಾರಿಗೂ ಥ್ಯಾಂಕ್ಸ್. ಇನ್ನೆರಡು ಕೇಳತೇನಿ. ಚೆಂಡು ಹೂವಿಗೆ ನೆರಳು ಹಾಕ್ರಿ ಅಂದ್ರ ಹಳದಿ ಹಸಿರಾಗ್ತದ, ಕಂದು ಕಲಸಾಕ ಹೋದ್ರ ರಾಡಿ ಆಗ್ತದ. ಮತ್ತ ಸಣ್ಣವರಿಗೆ ಔಟ್‌ಲೈನ್ ಜೆರಾಕ್ಸ್ ಮಾಡಿ ಕೊಡಲೇನು?

ಬೈಲಹೊಂಗಲ_ಡ್ರಾಯಿಂಗ್:
ಹಳದಿಗೆ ಕರಿ ಕೂಡಸಿರಬೇಕು. ಹಳದಿ-ಕರಿ ಕೂಡಿದ್ರ ಪಾಚಿ ಹಸಿರ ಬರ್ತದ. ಕರಿ ಬಣ್ಣ ಡಬ್ಬಿಯಿಂದ ತಗದ ಇಡ್ರಿ. ಚೆಂಡು ಹೂವಿಗೆ ಮೊದಲ ಪೂರಾ ಹಳದಿ ಹಚ್ಚಿ ಆರಸ್ರಿ. ಆಮ್ಯಾಲ ಎಸಳಿನ ಬುಡಕ್ಕಷ್ಟ ಕಿತ್ತಳೆ, ನಡುವ ಒತ್ತಿದಲ್ಲಿ ತುಸು ಕಂದು. ಎಸಳು ಸೂರ್ಯನ ಕಿರಣದಂಗ ಚೂಪು ತಗೀತಾರ, ಚೆಂಡು ಹೂವಿನ ಎಸಳಿನ ತುದಿ ನಿರಿಗಿ ಹಿಡದಂಗ ಇರ್ತದ, ಹೂ ಕೈಯಾಗ ಕೊಟ್ಟು ಒಂದು ಎಸಳು ಕಿತ್ತು ನೋಡಸ್ರಿ.

ಕಂದಿಗೆ ಕಿತ್ತಳೆ ಹೆಚ್ಚು, ನೀಲಿ ಕುಂಚದ ತುದಿಯಷ್ಟ. ಮೂರಕ್ಕಿಂತ ಹೆಚ್ಚು ಬಣ್ಣ ಕೂಡಿದ್ರ ರಾಡಿನ. ನೀರಿಗೆ ಎರಡು ಬಟ್ಟಲ ಇಡ್ರಿ, ಒಂದು ಕುಂಚ ತೊಳ್ಯಾಕ, ಒಂದು ಬಣ್ಣ ಕಲಸಾಕ. ಹಳದಿ ಕೆಲಸ ಮೊದಲ ಮುಗಸಬೇಕು, ನೀಲಿ ಹತ್ತಿದ ಕುಂಚ ಡಬ್ಬಿಯೊಳಗಿನ ಹಳದಿ ಬಣ್ಣದ ಕೇಕಿಗೆ ಒಮ್ಮೆ ತಾಗಿದ್ರ ಆ ಕೇಕ್ ವರ್ಷಪೂರ್ತಿ ಹಸಿರ.

ಔಟ್‌ಲೈನ್ ಜೆರಾಕ್ಸ್ ಬ್ಯಾಡ್ರಿ. ಬಣ್ಣ ತುಂಬೂದು ಬರ್ತದ, ನೋಡೂದು ಬರೂದಿಲ್ಲ. ತೀರ ಸಣ್ಣವರಿದ್ರ ಎಲಿ ಕಾಗದದ ಮ್ಯಾಲ ಇಟ್ಟು ಸುತ್ತ ಪೆನ್ಸಿಲ್ ಓಡಸ್ಲಿ, ನರ ತಾವ ನೋಡಿ ಹಾಕಲಿ. ಖಡುವಿನ ಚಿತ್ರ ಗೋಡೆಗೆ ಹಚ್ಚೋಕಿಂತ ಮೊದಲ ಪೂರಾ ಒಣಗಸ್ರಿ, ಒಂದರ ಮ್ಯಾಲ ಒಂದು ಇಡಬೇಕಾದ್ರ ನಡುವ ಬಟರ್ ಪೇಪರ್ ಹಾಕ್ರಿ.