ಮಗು ಊಟ ಬಿಟ್ಟಿದೆಯಾ? ಮಕ್ಕಳ ಡಾಕ್ಟರ್ ಮೇಡಂ ಜೊತೆ ಭಾನುವಾರದ ಪ್ರಶ್ನೋತ್ತರ

(ವಿಜಯಪುರ–ಬಾಗಲಕೋಟೆ ತಾಯಂದಿರ ಗುಂಪು)

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ಮಗುವಿನ ವಯಸ್ಸು, ತೂಕ, ದಿನಕ್ಕೆ ಎಷ್ಟು ಹಾಲು ಕುಡಿಯುತ್ತದೆ, ಇಷ್ಟನ್ನು ತಪ್ಪದೆ ಬರೆಯಿರಿ.

ಸಿಂದಗಿಯ ತಾಯಿ: ನಮಸ್ಕಾರ ರೀ ಮೇಡಂ. ಮಗಳಿಗೆ ಒಂದೂವರೆ ವರ್ಷ, 10 ಕೆ.ಜಿ. ಮೊದಲು ಬಟ್ಟಲು ತುಂಬ ನುಚ್ಚು, ಬೇಳೆಕಟ್ಟು ತಿನ್ನುತ್ತಿದ್ದಳು. ಈಗ ನಾಲ್ಕು ತುತ್ತಿಗೆ ಬಾಯಿ ಮುಚ್ಚುತ್ತಾಳೆ. ಎಮ್ಮೆ ಹಾಲು ಮಾತ್ರ ಒಂದು ಲೀಟರ್ ಬೇಕು.

ಡಾಕ್ಟರ್: ತೂಕ ಚೆನ್ನಾಗಿದೆ ತಾಯಿ, ಹೆದರಬೇಡಿ. ಮೊದಲ ವರ್ಷ ಮಗು ಹುಟ್ಟಿದ ತೂಕದ ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಹಾಗಾಗಿ ಹಸಿವೂ ಇಳಿಯುತ್ತದೆ. ಆದರೆ ಲೀಟರ್ ಹಾಲು ಬಹಳ ಜಾಸ್ತಿ. ಹೊಟ್ಟೆ ಅದರಲ್ಲೇ ತುಂಬುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ರಕ್ತ ಕಡಿಮೆಯಾದರೆ ಇದ್ದ ಹಸಿವೂ ಹೋಗುತ್ತದೆ. 400–500 ಮಿ.ಲೀ. ಸಾಕು, ಅದೂ ಊಟ ಆದ ಮೇಲೆ, ಲೋಟದಲ್ಲಿ. ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇಂಡಿಯ ತಂದೆ: ನನ್ನ ಮಗನದ್ದೂ ಅದೇ. ಎರಡು ವರ್ಷ, ಬರೀ ಹಾಲು. ಹಸಿವಿಗೆ ಯಾವ ಟಾನಿಕ್ ಕೊಡಬೇಕು?

ಡಾಕ್ಟರ್: ಮೇಲಿನ ಉತ್ತರ ಓದಿ. ಟಾನಿಕ್ ಬೇಡ.

ಬೀಳಗಿಯ ಕಾಕಾ: (ಫಾರ್ವರ್ಡ್) ಬಜೆಯನ್ನು ಜೇನಿನಲ್ಲಿ ತೇಯ್ದು ಹಸುಗೂಸಿಗೂ ನೆಕ್ಕಿಸಿ. ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸಿ. ಮಗು ಕಲ್ಲು ತಿಂದರೂ ಕರಗುತ್ತದೆ!

ಡಾಕ್ಟರ್: ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಬೊಟುಲಿಸಂ ಆಗಬಹುದು, ಮಗುವಿನ ಮೈ ಸೋತು ಉಸಿರಾಟಕ್ಕೇ ತೊಂದರೆ. ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ಮೈಯಲ್ಲಿನ ನೀರು ಹೋಗುತ್ತದೆ. ಆ ಮೆಸೇಜ್ ಅಳಿಸಿ.

ಮುಧೋಳದ ತಾಯಿ: ಜಂತಿನ ಗುಳಿಗೆ ಕೊಡಲೇ ಮೇಡಂ? ಒಂದೂಕಾಲು ವರ್ಷ.

ಡಾಕ್ಟರ್: ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಕೊಡುತ್ತಾರೆ. ಎರಡು ವರ್ಷದವರೆಗೆ ಅರ್ಧ ಗುಳಿಗೆ, ಪುಡಿ ಮಾಡಿ ನೀರಿನಲ್ಲಿ.

ತಿಕೋಟಾದ ತಾಯಿ: ಮೇಡಂ, ಮಗನಿಗೆ ಎರಡೂವರೆ ವರ್ಷ. ಶುಕ್ರವಾರ ಮಧ್ಯಾಹ್ನದ ತನಕ ರೊಟ್ಟಿ-ಪಲ್ಯ ಚೆನ್ನಾಗಿ ತಿನ್ನುತ್ತಿದ್ದ. ಸಂಜೆಯಿಂದ ರೊಟ್ಟಿ ಬಾಯಿಗಿಟ್ಟರೆ ಉಗುಳಿ ಅಳುತ್ತಾನೆ. ಮಜ್ಜಿಗೆ, ಹಾಲು ಸ್ವಲ್ಪ ಸ್ವಲ್ಪ ಕುಡಿಯುತ್ತಾನೆ. ಜೊಲ್ಲು ಜಾಸ್ತಿ. ಜ್ವರ ಇಲ್ಲ, ಬಾಯಲ್ಲಿ ಹುಣ್ಣೂ ಇಲ್ಲ. ದವಡೆ ಹಲ್ಲು ಬರುತ್ತಿರಬೇಕು ಅಂತಾರೆ ನಮ್ಮ ಅತ್ತೆ.

ಡಾಕ್ಟರ್: ತಾಯಿ, ಇದನ್ನು ಗಮನ ಕೊಟ್ಟು ಓದಿ. ಹಠ ಮಾಡುವ ಮಗು ಹೀಗೆ ಒಂದೇ ಸಂಜೆಯಲ್ಲಿ ಬದಲಾಗುವುದಿಲ್ಲ. ಗಟ್ಟಿ ಆಹಾರ ಬೇಡ, ನೀರಿನಂಥದ್ದು ಮಾತ್ರ ಇಳಿಯುತ್ತದೆ, ಜೊಲ್ಲು ಸುರಿಯುತ್ತದೆ ಅಂದರೆ ಅನ್ನನಾಳದಲ್ಲಿ ಏನೋ ಸಿಕ್ಕಿಕೊಂಡಿರಬಹುದು. ನಾಣ್ಯ ಇರಬಹುದು. ನನಗೆ ಹೆಚ್ಚು ಭಯ ಗುಂಡು ಸೆಲ್ ಬಗ್ಗೆ, ವಾಚು, ಆಟಿಕೆಗಳಲ್ಲಿ ಇರುತ್ತದಲ್ಲ, ಅದು. ಅದು ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಲು ಶುರುವಾಗುತ್ತದೆ. ಬೆಳಗಾಗಲಿ ಅನ್ನಬೇಡಿ. ಈಗಲೇ ವಿಜಯಪುರಕ್ಕೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಕುತ್ತಿಗೆ, ಎದೆ, ಹೊಟ್ಟೆ ಮೂರೂ ಕಾಣುವಂತೆ ಎಕ್ಸ್‌ರೇ ಮಾಡಿಸಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಬಾಯಿಗೆ ಬೆರಳು ಹಾಕಬೇಡಿ, ವಾಂತಿ ಮಾಡಿಸಬೇಡಿ.

ಬೀಳಗಿಯ ಕಾಕಾ: ನಮ್ಮ ತಮ್ಮ ನಾಣ್ಯ ನುಂಗಿದಾಗ ಬಾಳೆಹಣ್ಣು ತಿನ್ನಿಸಿದ್ದೆವು. ಮರುದಿನ ಹೊರಗೆ ಬಂತು.

ಡಾಕ್ಟರ್: ಕಾಕಾ, ಅದು ಹೊಟ್ಟೆಗೆ ಇಳಿದಿತ್ತು, ಬಂತು. ಇದು ಮೇಲೆಯೇ ನಿಂತಿರಬಹುದು. ದಯವಿಟ್ಟು ಈ ಮಗುವಿನ ವಿಷಯದಲ್ಲಿ ಯಾರೂ ಔಷಧಿ ಹೇಳಬೇಡಿ.

ಗೋಕಾಕದ ಅಜ್ಜಿ: ಈಗಿನ ಹುಡುಗಿಯರು ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಮಗು ಏನು ನುಂಗಿತು ಅಂತ ನೋಡುವವರು ಯಾರು?

ಸಿಂದಗಿಯ ತಾಯಿ: ಅಜ್ಜಿ, ಆ ತಾಯಿ ಗಾಬರಿಯಲ್ಲಿದ್ದಾಳೆ. ಇದು ಬೈಯುವ ಹೊತ್ತಾ?

ಗೋಕಾಕದ ಅಜ್ಜಿ: ನಾನು ಐದು ಮಕ್ಕಳನ್ನು ಬೆಳೆಸಿದವಳು. ಕಾಲು ಚಾಚಿ ಮಲಗಿಸಿಕೊಂಡು ತಿನ್ನಿಸಿದೆ, ಎಲ್ಲರೂ ಗಟ್ಟಿಯಾಗಿದ್ದಾರೆ.

ಮುಧೋಳದ ತಾಯಿ: ಹಾಗೆ ತಿನ್ನಿಸಿಯೇ ನನ್ನ ಮಗಳು ಈಗ ಬಟ್ಟಲು ಕಂಡರೆ ಓಡುತ್ತಾಳೆ. ಮನೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಡಾಕ್ಟರ್: ಮಲಗಿಸಿ, ಮೂಗು ಹಿಡಿದು ತಿನ್ನಿಸುವುದನ್ನು ಬಿಡಿ, ಉಸಿರುನಾಳಕ್ಕೆ ಹೋಗುತ್ತದೆ. ನೀವು ಉಣ್ಣುವಾಗ ಪಕ್ಕದಲ್ಲಿ ಕೂರಿಸಿ. ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಅದರ ಕೈಗೇ ಕೊಡಿ. ಅರ್ಧ ಗಂಟೆ ಆದರೆ ತಟ್ಟೆ ಎತ್ತಿಬಿಡಿ. ನಡುವೆ ಬಿಸ್ಕತ್ತು ಬೇಡ. ಮೊಬೈಲ್ ಬೇಡ, ಬೈಗುಳವೂ ಬೇಡ. ತಿಕೋಟಾದವರೇ, ಹೊರಟಿರಾ?

ಅಥಣಿಯ ತಾಯಿ: ಮೂರು ವರ್ಷದ ಮಗಳು ಬಿಳಿ ಅನ್ನ, ಮೊಸರು ಬಿಟ್ಟು ಏನೂ ಮುಟ್ಟುವುದಿಲ್ಲ ಮೇಡಂ.

ಜಮಖಂಡಿಯ ತಂದೆ: ಎರಡು ವರ್ಷದವನಿಗೆ ಹುರಿದ ಶೇಂಗಾ ಕೊಡಬಹುದಾ?

ಡಾಕ್ಟರ್: ಇಡೀ ಕಾಳು ಐದು ವರ್ಷದವರೆಗೆ ಬೇಡ, ಉಸಿರುಗಟ್ಟುತ್ತದೆ. ನುಣ್ಣಗೆ ಕುಟ್ಟಿದ ಹಿಂಡಿ ಕೊಡಿ, ಖಾರ ಹಾಕದೆ.

ಇಂಡಿಯ ತಂದೆ: ಟಾನಿಕ್ ಹೆಸರು ಹೇಳಲಿಲ್ಲ. ಒಂದು ಗಂಟೆಯಿಂದ ಕಾಯುತ್ತಿದ್ದೇನೆ.

ಡಾಕ್ಟರ್: ಬೇಡ ಅಂದೆ. ಇನ್ನು ಕೇಳಬೇಡಿ.

ತಿಕೋಟಾದ ತಾಯಿ: ಮೇಡಂ, ಸಿದ್ಧೇಶ್ವರ ಜಾತ್ರೆಯಲ್ಲಿ ಕೊಡಿಸಿದ ಮಿಂಚುವ ಆಟಿಕೆಯ ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಸೆಲ್ ಇಲ್ಲ. ಗಾಡಿ ಹತ್ತಿದ್ದೇವೆ.

ಡಾಕ್ಟರ್: ಆಟಿಕೆಯನ್ನೂ ಒಯ್ಯಿರಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಡಿ. ಸೀದಾ ತುರ್ತು ವಿಭಾಗಕ್ಕೆ ಹೋಗಿ, "ಮಗು ಸೆಲ್ ನುಂಗಿರಬಹುದು, ಶುಕ್ರವಾರದಿಂದ" ಎಂದು ಮೊದಲ ಮಾತಿಗೇ ಹೇಳಿ. ಎಕ್ಸ್‌ರೇ ಫೋಟೋ ನನಗೆ ಕಳಿಸಿ. ಉಳಿದವರು ಸ್ವಲ್ಪ ಹೊತ್ತು ಇಲ್ಲಿ ಏನೂ ಬರೆಯಬೇಡಿ, ಅವರ ಮೆಸೇಜ್ ನನಗೆ ಕಾಣಬೇಕು.