ಜನಗಣತಿಯ ವಿವರಗಳನ್ನು ವಂಶವೃಕ್ಷದ ತಂತ್ರಾಂಶದಲ್ಲಿ ಹೇಗೆ ದಾಖಲಿಸಿದರೆ ವರದಿ ಓದುವಂತಿರುತ್ತದೆ? – ಅನುಭವ ಹಂಚಿಕೆ

ಕೋರಿಕೆ (ಬ್ರಾಡ್‌ಫರ್ಡ್‌ನಿಂದ)

ನಾನು ಹಾಸನದ ಕಡೆಯವಳು. ಮದುವೆಯಾದ ಮೇಲೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನೆಲೆಸಿದ್ದೇನೆ. ಪತಿಯ ಮನೆತನದವರು ತಲೆಮಾರುಗಳಿಂದ ಇಲ್ಲಿಯ ಉಣ್ಣೆ ಗಿರಣಿಗಳಲ್ಲಿ ದುಡಿದವರು. 1841ರಿಂದ 1921ರವರೆಗಿನ ಜನಗಣತಿಯ ಹಾಳೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಿಕ್ಕಿದ್ದಾರೆ. ಈ ಮಾಹಿತಿಯನ್ನು ರೂಟ್ಸ್‌ಮ್ಯಾಜಿಕ್ ತಂತ್ರಾಂಶಕ್ಕೆ ತುಂಬಿ, ಮಕ್ಕಳ ಕೈಗೆ ಕೊಡುವಂಥ ಒಂದು ವೃತ್ತಾಂತವನ್ನು ಸಿದ್ಧಪಡಿಸಬೇಕೆಂಬುದು ನನ್ನ ಆಸೆ. ಆದರೆ ವರದಿಯನ್ನು ತೆಗೆದು ನೋಡಿದರೆ, "ಇವರು 1881ರ ಏಪ್ರಿಲ್ 3ರ ಜನಗಣತಿಯಲ್ಲಿ ದಾಖಲಾಗಿದ್ದಾರೆ" ಎಂಬ ಒಂದೇ ವಾಕ್ಯ ತಂದೆಗೊಮ್ಮೆ, ತಾಯಿಗೊಮ್ಮೆ, ಆಮೇಲೆ ಒಬ್ಬೊಬ್ಬ ಮಗುವಿಗೂ ಒಂದೊಂದು ಸಲ ಬರುತ್ತದೆ. ಹತ್ತು ವರ್ಷದ ನಂತರದ ಗಣತಿಗೆ ಮತ್ತೆ ಅದೇ ಸಾಲು. ಹಾಳೆಯಲ್ಲಿರುವ ವಿವರಗಳನ್ನೆಲ್ಲ ಟಿಪ್ಪಣಿಯಲ್ಲಿ ತುಂಬಿದ್ದರಿಂದ ಅವೂ ಕಥನದ ನಡುವೆ ಬಂದು ನಿಲ್ಲುತ್ತವೆ. ವಿವರ ಕಳೆದುಹೋಗಬಾರದು, ಓದುವವರಿಗೆ ಬೇಸರವೂ ಆಗಬಾರದು. ಇದೇ ವೃತ್ತಾಂತವನ್ನು ಊರಿನಲ್ಲಿರುವ ನನ್ನ ಚಿಕ್ಕಪ್ಪ, ಸೋದರತ್ತೆಯರಿಗಾಗಿ ಕನ್ನಡದಲ್ಲಿಯೂ ತೆಗೆಯುವ ಉದ್ದೇಶವಿದೆ. ಈ ಕೆಲಸ ಮಾಡಿದವರು ತಮ್ಮ ಕ್ರಮವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಲೀಡ್ಸ್‌ನಿಂದ

ಸಹೋದರಿ, ನನ್ನ ಹೆಂಡತಿಯ ತವರೂ ಯಾರ್ಕ್‌ಷೈರಿನದೇ ಆದ್ದರಿಂದ ನೀವು ನೋಡುತ್ತಿರುವ ಹಾಳೆಗಳೆಲ್ಲ ನನಗೆ ಪರಿಚಿತ. ಜನಗಣತಿಯ ಹಾಳೆ ಒಂದು ರಾತ್ರಿ ಒಂದು ಮನೆಯಲ್ಲಿದ್ದವರ ಪಟ್ಟಿ. ಆದ್ದರಿಂದ ಅದನ್ನು ವ್ಯಕ್ತಿಗೊಂದರಂತೆ ಒಡೆಯದೆ, ಮನೆಗೊಂದು ಘಟನೆಯಾಗಿ (ಜನನ, ಮದುವೆ, ವಾಸದಂಥ ಒಂದೊಂದು ನಮೂದಿಗೆ ತಂತ್ರಾಂಶದಲ್ಲಿರುವ ಹೆಸರು) ದಾಖಲಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ರೂಟ್ಸ್‌ಮ್ಯಾಜಿಕ್‌ನಲ್ಲಿ ಒಂದು ಘಟನೆಯನ್ನು ಹಲವರೊಡನೆ ಹಂಚಿಕೊಳ್ಳುವ ಸೌಲಭ್ಯವಿದೆ. ಮನೆಯ ಯಜಮಾನನ ಹೆಸರಿನಲ್ಲಿ ಘಟನೆಯನ್ನು ಸೃಷ್ಟಿಸಿ, ಹೆಂಡತಿ, ಮಗು, ಬಾಡಿಗೆದಾರ, ಕೆಲಸದಾಳು ಮುಂತಾಗಿ ಉಳಿದವರಿಗೆ ಪಾತ್ರಗಳನ್ನು ಕೊಡಿ. ಪ್ರತಿ ಪಾತ್ರಕ್ಕೂ ಬೇರೆಯದೇ ವಾಕ್ಯದ ಮಾದರಿಯನ್ನು ಬರೆಯಬಹುದು. ತಂದೆತಾಯಿಯೊಡನೆ ಇರುವ ಮಕ್ಕಳಿಗೆ ಅತಿ ಚಿಕ್ಕ ವಾಕ್ಯ ಸಾಕು, ಏಕೆಂದರೆ ಅವರ ಹೆಸರುಗಳು ತಂದೆಯ ಕಥನದಲ್ಲಿಯೇ ಬಂದಿರುತ್ತವೆ. ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದ ಹದಿನಾಲ್ಕು ವರ್ಷದ ಹುಡುಗಿಯ ವಿಷಯ ಬೇರೆ. ಅವಳ ಬದುಕಿನಲ್ಲಿ ಅದೊಂದು ತಿರುವು. ಅವಳಿಗೆ ಪೂರ್ಣ ವಾಕ್ಯವನ್ನೇ ಕೊಡಬೇಕು.

ಮಾದರಿಯಲ್ಲಿ ದಿನಾಂಕ, ಸ್ಥಳ, ವಿವರಣೆ ಬರಬೇಕಾದ ಕಡೆ ಚೌಕ ಆವರಣದ ಗುರುತುಗಳಿರುತ್ತವೆ. ಮಾಹಿತಿ ಇಲ್ಲದಿದ್ದರೆ ವಾಕ್ಯದ ಆ ಭಾಗವೇ ಬಿಟ್ಟುಹೋಗುವಂತೆ ಅದನ್ನು ಕೋನ ಆವರಣದೊಳಗೆ ಇಡಬಹುದು. ನಾನು ವಿವರಣೆಯ ಖಾನೆಯಲ್ಲಿ ವೃತ್ತಿಯನ್ನು ಮಾತ್ರ ಬರೆಯುತ್ತೇನೆ. ಆಗ "1881ರಲ್ಲಿ ಕುಟುಂಬವು ಮ್ಯಾನಿಂಗ್‌ಹ್ಯಾಮ್‌ನಲ್ಲಿತ್ತು, ಥಾಮಸ್ ಉಣ್ಣೆ ಬಾಚುವ ಕೆಲಸದಲ್ಲಿದ್ದನು" ಎಂಬಂಥ ವಾಕ್ಯ ತಾನಾಗಿ ಮೂಡುತ್ತದೆ. ಏಪ್ರಿಲ್ 3 ಎಂಬ ತಾರೀಖು ಕಥನದಲ್ಲಿ ಬೇಕಾಗಿಲ್ಲ. ದಿನಾಂಕದ ಖಾನೆಯಲ್ಲಿ ಅದು ಪೂರ್ಣವಾಗಿರಲಿ, ಮಾದರಿಯಲ್ಲಿ ವರ್ಷವಷ್ಟೇ ಬರಲಿ.

ಹಾಳೆಯ ಪೂರ್ಣ ಪ್ರತಿಯ ಜಾಗ ಘಟನೆಯ ಟಿಪ್ಪಣಿಯಲ್ಲ, ಆಕರದ ಉಲ್ಲೇಖದಲ್ಲಿ. ಅಲ್ಲಿ ಸಾಲು ಸಾಲಾಗಿ, ಕಾಗುಣಿತದ ತಪ್ಪುಗಳನ್ನೂ ತಿದ್ದದೆ, ಇದ್ದದ್ದನ್ನು ಇದ್ದಂತೆ ನಕಲು ಮಾಡಿ. ಜೊತೆಗೆ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಸೂಚಕ ಸಂಖ್ಯೆಯನ್ನು ಬರೆಯಿರಿ. 1841 ಮತ್ತು 1851ಕ್ಕೆ ಎಚ್‌ಒ 107, 1861ಕ್ಕೆ ಆರ್‌ಜಿ 9, ಅಲ್ಲಿಂದ ಮುಂದೆ ಗಣತಿಗೊಂದು ಸಂಖ್ಯೆ ಏರುತ್ತ 1921ಕ್ಕೆ ಆರ್‌ಜಿ 15. ಅದರ ಮುಂದೆ ಪೀಸ್ (ದಾಖಲೆಗಳ ಕಟ್ಟು), ಫೋಲಿಯೊ (ಹಾಳೆ), ಪುಟ ಸಂಖ್ಯೆಗಳು. 1911ಕ್ಕಾದರೆ ಫೋಲಿಯೊದ ಬದಲು ಶೆಡ್ಯೂಲ್ (ಮನೆಯವರು ತುಂಬಿದ ನಮೂನೆ) ಸಂಖ್ಯೆ. ಅಂತರ್ಜಾಲದ ಕೊಂಡಿ ನಾಳೆ ಬದಲಾಗಬಹುದು, ಈ ಸಂಖ್ಯೆ ಬದಲಾಗುವುದಿಲ್ಲ. ವರದಿ ತೆಗೆಯುವಾಗ ಉಲ್ಲೇಖಗಳನ್ನು ಕೊನೆಯ ಟಿಪ್ಪಣಿಗಳಾಗಿ ಮುದ್ರಿಸುವಂತೆ ಆಯ್ಕೆ ಮಾಡಿದರೆ ಕಥನ ಸ್ವಚ್ಛವಾಗಿ ಉಳಿಯುತ್ತದೆ.

ವಯಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. 1881ರ ಏಪ್ರಿಲ್ 3ರಂದು 34 ವರ್ಷ ಎಂದು ಬರೆಸಿದವನು, ಹೇಳಿದ್ದು ನಿಜವಾದರೆ, 1846ರ ಏಪ್ರಿಲ್ 4 ಮತ್ತು 1847ರ ಏಪ್ರಿಲ್ 3ರ ನಡುವೆ ಹುಟ್ಟಿದವನು. ಬರಿಯ ಕಳೆಯುವ ಲೆಕ್ಕದಿಂದ ಬರುವ 1847ಕ್ಕಿಂತ 1846ರ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಜನ್ಮವರ್ಷವನ್ನು "ಇಷ್ಟರ ಮತ್ತು ಇಷ್ಟರ ನಡುವೆ" ಎಂಬ ರೂಪದಲ್ಲಿ ತುಂಬುವುದು ಲೇಸು. 1841ರ ಜೂನ್ 6ರ ಗಣತಿಯಲ್ಲಂತೂ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 35 ಎಂದಿದ್ದರೆ 35ರಿಂದ 39ರವರೆಗೆ ಏನೂ ಇರಬಹುದು. ಆ ಗಣತಿಯಲ್ಲಿ ಯಜಮಾನನೊಡನೆ ಇರುವ ಸಂಬಂಧವನ್ನೂ ಬರೆದಿಲ್ಲ. ಒಂದೇ ಮನೆಯಲ್ಲಿರುವ ಹುಡುಗನನ್ನು ಮಗನೆಂದು ಕರೆಯಲು 1851ರ ಹಾಳೆಯೋ ದೀಕ್ಷಾಸ್ನಾನದ ದಾಖಲೆಯೋ ಬೇಕು. ಹಾಗಾಗಿ 1841ಕ್ಕೆ ಬೇರೆಯದೇ ಆದ ವಾಕ್ಯದ ಮಾದರಿಯನ್ನು ಇಟ್ಟುಕೊಳ್ಳಿ.

ಬರ್ಮಿಂಗ್‌ಹ್ಯಾಮ್‌ನಿಂದ

ಮೇಲಿನವರ ಕ್ರಮ ಅಚ್ಚುಕಟ್ಟಾಗಿದೆಯಾದರೂ ನನ್ನ ಕ್ರಮ ಬೇರೆ. ಓದುಗರಿಗೆ ಬೇಕಾದುದು ಇವರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದು. ಅದು ಗಣತಿಯಿಂದ ತಿಳಿಯಿತೆಂಬುದು ಅಡಿಟಿಪ್ಪಣಿಯ ವಿಷಯ. ನಾನು ವಾಸ ಮತ್ತು ವೃತ್ತಿ ಎಂಬ ಎರಡು ಘಟನೆಗಳನ್ನು ಮಾತ್ರ ಕಥನಕ್ಕೆ ಬಿಡುತ್ತೇನೆ. 1861, 1871, 1881 ಮೂರರಲ್ಲೂ ಒಂದೇ ಬೀದಿ ಇದ್ದರೆ "1861ರಿಂದ 1881ರವರೆಗೆ" ಎಂದು ಒಂದೇ ವಾಸದ ಘಟನೆ ಮಾಡಿ, ಮೂರು ಉಲ್ಲೇಖಗಳನ್ನು ಅದಕ್ಕೇ ಜೋಡಿಸುತ್ತೇನೆ. ಜನಗಣತಿಯ ಘಟನೆಯೂ ಇರುತ್ತದೆ, ಆದರೆ ಆ ಬಗೆಯ ಘಟನೆ ಕಥನದ ವರದಿಯಲ್ಲಿ ಮುದ್ರಣವಾಗದಂತೆ ಅದರ ಗುಣಲಕ್ಷಣಗಳಲ್ಲೇ ಗುರುತು ತೆಗೆದಿರುತ್ತೇನೆ. ಯಾರ ಯಾವ ಗಣತಿ ಇನ್ನೂ ಸಿಕ್ಕಿಲ್ಲ ಎಂದು ಹುಡುಕಲು ಅದು ಬೇಕೇ ಬೇಕು.

ಹಂಚಿಕೊಂಡ ಘಟನೆಗಳ ಬಗ್ಗೆ ನನಗಿರುವ ಆತಂಕ ಇದು. ವಂಶವೃಕ್ಷದ ದತ್ತಾಂಶವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಬಳಸುವ ಜೆಡ್‌ಕಾಮ್ 5.5.1 ಮಾನಕದಲ್ಲಿ ಜನಗಣತಿಗೆ ವ್ಯಕ್ತಿಯ ಮಟ್ಟದಲ್ಲೂ ದಂಪತಿಯ ಮಟ್ಟದಲ್ಲೂ ಜಾಗವಿದೆ, ಆದರೆ ಮಕ್ಕಳು, ಬಾಡಿಗೆದಾರರು ಪಾಲುಗೊಳ್ಳುವ ಘಟನೆಗೆ ಇಲ್ಲ. ಪ್ರತಿ ತಂತ್ರಾಂಶವೂ ತನ್ನದೇ ಗುರುತು ಹಾಕಿ ಅದನ್ನು ಹೊರಕಳುಹಿಸುತ್ತದೆ. ಬೇರೆ ತಂತ್ರಾಂಶ ಅದನ್ನು ಓದದೆ ಬಿಟ್ಟರೆ ಯಜಮಾನನೊಬ್ಬನಿಗೇ ಗಣತಿ ಉಳಿಯುತ್ತದೆ. 2021ರಲ್ಲಿ ಬಂದ 7.0 ಆವೃತ್ತಿಯಲ್ಲಿ ಘಟನೆಯೊಳಗೇ ಇತರರನ್ನು ಹೆಸರಿಸುವ ಅವಕಾಶ ಬಂದಿದೆ. ಎಲ್ಲ ತಂತ್ರಾಂಶಗಳೂ ಅದನ್ನು ಅಳವಡಿಸಿಕೊಳ್ಳುವವರೆಗೆ ನಾನು ವ್ಯಕ್ತಿಗೊಂದು ಘಟನೆಯನ್ನೇ ಇಟ್ಟುಕೊಂಡಿರುತ್ತೇನೆ. ಬೆರಳಿಗೆ ಶ್ರಮ ಹೆಚ್ಚು, ಆದರೆ ದತ್ತಾಂಶ ಎಲ್ಲಿಗೆ ಹೋದರೂ ಪೂರ್ತಿಯಾಗಿ ಹೋಗುತ್ತದೆ.

ನ್ಯೂ ಜೆರ್ಸಿಯಿಂದ

ನಮ್ಮ ಸೊಸೆಯ ತವರಿನವರು ಒಹಾಯೊದವರಾದ್ದರಿಂದ ನಾನು ಅಮೆರಿಕದ ಗಣತಿಗಳನ್ನು ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ದಾಖಲಿಸುತ್ತಿದ್ದೇನೆ. ಅಲ್ಲಿ ಒಂದೇ ಘಟನೆಗೆ ಹಲವರನ್ನು ಪಾತ್ರಸಮೇತ ಸೇರಿಸಿ, ವಯಸ್ಸು, ವೃತ್ತಿ ಮುಂತಾದವನ್ನು ಆ ವ್ಯಕ್ತಿಗೂ ಘಟನೆಗೂ ನಡುವಿನ ಕೊಂಡಿಯಲ್ಲಿ ಗುಣಲಕ್ಷಣಗಳಾಗಿ ಬರೆಯಬಹುದು. ಆದರೆ ವರದಿಯಲ್ಲಿ ಘಟನೆಗಳು ವ್ಯಕ್ತಿಯ ಪರಿಚಯದ ಕೆಳಗೆ ಪಟ್ಟಿಯಾಗಿ ಬರುತ್ತವೆ. ಅದಕ್ಕಾಗಿ ನಾನು ಘಟನೆಯ ವಿವರಣೆಯನ್ನೇ ಓದಬಹುದಾದ ಸಣ್ಣ ವಾಕ್ಯವಾಗಿ ಬರೆಯುತ್ತೇನೆ.

ಯಾವ ಗಣತಿ ಏನನ್ನು ಕೇಳಿತ್ತು ಎಂಬುದನ್ನು ಒಬ್ಬೊಬ್ಬರ ಕೆಳಗೂ ವಿವರಿಸುವ ಬದಲು ಪುಸ್ತಕದ ಮೊದಲಲ್ಲಿ ಒಂದು ಪುಟ ಬರೆಯಿರಿ. ನಮ್ಮದರಲ್ಲಿ ಆ ಪುಟ ಹೀಗಿದೆ: 1840ರವರೆಗೆ ಯಜಮಾನನ ಹೆಸರು ಮಾತ್ರ, 1850ರಿಂದ ಮನೆಯಲ್ಲಿರುವ ಸ್ವತಂತ್ರರೆಲ್ಲರ ಹೆಸರು, ಸಂಬಂಧವನ್ನು ಬರೆಯತೊಡಗಿದ್ದು 1880ರಲ್ಲಿ, 1890ರ ಹಾಳೆಗಳು 1921ರ ಬೆಂಕಿಯ ಅನಾಹುತದ ಬಳಿಕ ಬಹುಪಾಲು ಉಳಿಯಲಿಲ್ಲ. ಈ ಪುಟವಿದ್ದರೆ ಎಲ್ಲರ ಬದುಕಿನಲ್ಲೂ 1880ರಿಂದ 1900ರವರೆಗೆ ಏಕೆ ಮೌನವಿದೆ ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಪುಸ್ತಕಕ್ಕೂ ಇಂಥ ಪುಟ ಬೇಕಾಗುತ್ತದೆ, ಏಕೆಂದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಹಾಳೆಗಳು 1942ರಲ್ಲಿ ಸುಟ್ಟುಹೋದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ನಡುವೆ ಆಸರೆಯಾಗಿ ಇರುವುದು 1939ರ ಸೆಪ್ಟೆಂಬರ್ 29ರಂದು ನಿವಾಸಿಗಳನ್ನು ದಾಖಲಿಸಿದ ನೋಂದಣಿ ಪುಸ್ತಕ ಮಾತ್ರ.

ಇನ್ನೊಂದು ವಿಷಯ ನಮ್ಮವರಿಗೆ ಹತ್ತಿರದ್ದು. 1920, 1930, 1940ರ ಅಮೆರಿಕದ ಗಣತಿಗಳಲ್ಲಿ ಭಾರತದಿಂದ ಹೋದವರನ್ನು ಜನಾಂಗದ ಕಲಮಿನಲ್ಲಿ "ಹಿಂದೂ" ಎಂದು ಬರೆಯುತ್ತಿದ್ದರು. ಕ್ಯಾಲಿಫೋರ್ನಿಯದ ಸಿಖ್ ರೈತರೂ ಆ ಲೆಕ್ಕಕ್ಕೇ ಸೇರಿದರು. ಇಂಥದ್ದನ್ನು ತಂತ್ರಾಂಶದ ಧರ್ಮದ ಖಾನೆಗೆ ತುಂಬಿದರೆ ವರದಿ ಸುಳ್ಳು ಹೇಳುತ್ತದೆ. ಹಾಳೆಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ನಕಲು ಪ್ರತಿಯಲ್ಲಿಡಿ, ಅದರ ಅರ್ಥವನ್ನು ನಿಮ್ಮ ಮಾತಿನಲ್ಲಿ ಹೇಳಿ.

ಬೆಂಗಳೂರಿನಿಂದ

ಕನ್ನಡದ ವರದಿಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಸ್ಥಳದ ಗುರುತಿನ ಮುಂದೆ "ನಲ್ಲಿ" ಎಂದು ಅಂಟಿಸಿದರೆ "ಬ್ರಾಡ್‌ಫರ್ಡ್‌ನಲ್ಲಿ" ಸರಿಹೋಗುತ್ತದೆ, "ಹಾಸನನಲ್ಲಿ", "ಮೈಸೂರುನಲ್ಲಿ" ಎಂದು ಕೆಡುತ್ತದೆ. ಕ್ರಿಯಾಪದವೂ ಗಂಡಿಗೊಂದು, ಹೆಣ್ಣಿಗೊಂದು ಆಗುತ್ತದೆ. ಗೌರವದ ಬಹುವಚನ ಹಿರಿಯರಿಗೆ ಒಪ್ಪುತ್ತದೆ. ಎರಡು ವರ್ಷದ ಕೂಸಿಗೆ "ವಾಸವಾಗಿದ್ದರು" ಎಂದರೆ ಕಿವಿಗೆ ಹಿತವಾಗುವುದಿಲ್ಲ. ವಿಭಕ್ತಿಯೂ ಕ್ರಿಯಾಪದವೂ ಬೇಡದ ಮಾದರಿಯನ್ನು ಬರೆಯುವುದೇ ನನಗೆ ಕಂಡ ಪರಿಹಾರ: "1881ರ ಜನಗಣತಿ. ಮನೆ: ಮ್ಯಾನಿಂಗ್‌ಹ್ಯಾಮ್, ಬ್ರಾಡ್‌ಫರ್ಡ್. ವೃತ್ತಿ: ಉಣ್ಣೆ ಬಾಚುವುದು." ಇದನ್ನು ವರ್ಡ್‌ನಲ್ಲಿ ತೆರೆದು, ಮುಖ್ಯರಾದವರ ಪುಟಗಳನ್ನು ಕೈಯಾರೆ ಕಥನವಾಗಿ ತಿದ್ದಿಕೊಳ್ಳಬಹುದು.

ಟೈಪಿಸುವುದೆಲ್ಲ ಯೂನಿಕೋಡ್‌ನಲ್ಲಿಯೇ ಇರಲಿ. "ಬ್ರಾಡ್‌ಫರ್ಡ್" ಎಂಬಲ್ಲಿ ಡ್ ಮತ್ತು ಫ ಬೇರೆಬೇರೆಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಅದನ್ನು ಒಮ್ಮೆ ಹಾಕಿ ಒಮ್ಮೆ ಬಿಟ್ಟರೆ ತಂತ್ರಾಂಶ ಒಂದೇ ಊರನ್ನು ಎರಡೆಂದು ತಿಳಿಯುತ್ತದೆ. ಸ್ಥಳಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡು ಅಲ್ಲಿಂದಲೇ ಆಯ್ದುಕೊಳ್ಳಿ.

ನಿಮ್ಮ ತೌರಿನ ಕಡೆಗೆ ಮಾತ್ರ ಜನಗಣತಿಯನ್ನು ನಿರೀಕ್ಷಿಸಬೇಡಿ. 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ನಮ್ಮಲ್ಲಿ ಮನೆಮನೆಯ ದಾಖಲೆಗಳನ್ನು ಯಾರೂ ನೋಡುವಂತಿಲ್ಲ, ಎಷ್ಟು ವರ್ಷ ಕಳೆದರೂ ತೆರೆಯುವ ಏರ್ಪಾಡು ಅದರಲ್ಲಿಲ್ಲ. ಪಹಣಿ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕ, ಮನೆಯಲ್ಲಿರುವ ಜಾತಕಗಳು, ಇವೇ ಆಧಾರ. ಇವುಗಳನ್ನೂ ವಾಸ, ವೃತ್ತಿ ಎಂಬ ಅದೇ ಘಟನೆಗಳಿಗೆ ಜೋಡಿಸಿದರೆ ಪುಸ್ತಕದ ಎರಡು ಭಾಗಗಳೂ ಒಂದೇ ಧಾಟಿಯಲ್ಲಿ ಓದಿಸಿಕೊಳ್ಳುತ್ತವೆ. ಈ ಕಾರಣಕ್ಕಾಗಿಯೇ ಬರ್ಮಿಂಗ್‌ಹ್ಯಾಮ್‌ನವರ ಕ್ರಮ ನಿಮಗೆ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ.

ಬ್ರಾಡ್‌ಫರ್ಡ್‌ನಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ವಾಸ ಮತ್ತು ವೃತ್ತಿಯನ್ನು ಕಥನಕ್ಕೂ, ಗಣತಿಯ ನಕಲನ್ನು ಉಲ್ಲೇಖಕ್ಕೂ ಬಿಡಲು ನಿರ್ಧರಿಸಿದ್ದೇನೆ. ಒಂದು ಸಂದೇಹ ಉಳಿದಿದೆ. 1911ರ ಹಾಳೆಯಲ್ಲಿ ಪತಿಯ ಮುತ್ತಜ್ಜಿ ಒಂಬತ್ತು ಮಕ್ಕಳನ್ನು ಹೆತ್ತು, ಆರು ಮಂದಿ ಉಳಿದು, ಮೂವರು ತೀರಿಕೊಂಡಿದ್ದಾರೆ ಎಂದಿದೆ. ಆ ಮೂವರಲ್ಲಿ ಇಬ್ಬರ ಹೆಸರೇ ನಮಗೆ ಗೊತ್ತಿಲ್ಲ. ಇದನ್ನು ಯಾವ ಖಾನೆಯಲ್ಲಿ ತುಂಬಬೇಕು?

ಲೀಡ್ಸ್‌ನಿಂದ

ಇದನ್ನು ಯಾವ ಖಾನೆಗೂ ತಳ್ಳದೆ ಆ ತಾಯಿಯ ಕಥನದಲ್ಲೇ ನಿಮ್ಮ ಮಾತಿನಲ್ಲಿ ಪೂರ್ಣ ವಾಕ್ಯವಾಗಿ ಬರೆಯಿರಿ. ತಂತ್ರಾಂಶದ ಮಾದರಿ ವಾಕ್ಯಕ್ಕೆ ಅದನ್ನು ಹೇಳುವ ಶಕ್ತಿಯಿಲ್ಲ. 1911ರ ಹಾಳೆಯನ್ನು ಮನೆಯವರೇ ತಮ್ಮ ಕೈಯಿಂದ ತುಂಬಿದ್ದು, ಆ ಅಂಕಿಗಳು ಬಹುಶಃ ಮುತ್ತಜ್ಜನ ಅಥವಾ ಮುತ್ತಜ್ಜಿಯ ಬರಹದಲ್ಲೇ ಇವೆ. ಹಾಳೆಯ ಆ ಭಾಗದ ಚಿತ್ರವನ್ನು ಪುಸ್ತಕದಲ್ಲಿ ಸೇರಿಸಿ. ಇನ್ನು ಹೆಸರುಗಳಿಗೆ ದಾರಿಯಿದೆ. ಇಂಗ್ಲೆಂಡಿನ ಜನನ, ಮರಣಗಳ ನೋಂದಣಿ ಮಹಾ ಕಚೇರಿಯ ಅಂತರ್ಜಾಲ ಸೂಚಿಯಲ್ಲಿ 1837ರಿಂದಲೇ ಜನನಗಳಿಗೆ ತಾಯಿಯ ತವರು ಮನೆತನದ ಹೆಸರೂ, ಮರಣಗಳಿಗೆ ವಯಸ್ಸೂ ಸಿಗುತ್ತವೆ. ಮದುವೆಯ ವರ್ಷದಿಂದ 1911ರವರೆಗೆ ಬ್ರಾಡ್‌ಫರ್ಡ್ ನೋಂದಣಿ ಜಿಲ್ಲೆಯಲ್ಲಿ ಆ ಎರಡು ಮನೆತನದ ಹೆಸರುಗಳನ್ನು ಜೊತೆಯಾಗಿ ಕೊಟ್ಟು ಹುಡುಕಿ, ಸಿಕ್ಕ ಜನನಗಳನ್ನು ಎಳೆಯ ವಯಸ್ಸಿನ ಮರಣಗಳೊಡನೆ ತಾಳೆ ನೋಡಿ. ಎರಡು ಗಣತಿಗಳ ನಡುವೆ ಹುಟ್ಟಿ ತೀರಿಕೊಂಡ ಮಗುವಿಗೆ ವಾಸದ ಘಟನೆ ಇರುವುದಿಲ್ಲ. ಜನನ, ಮರಣ ಎರಡನ್ನೇ ದಾಖಲಿಸಿ, ಎರಡಕ್ಕೂ ಸೂಚಿಯ ಜೊತೆಗೆ 1911ರ ಹಾಳೆಯನ್ನೂ ಪೂರಕ ಉಲ್ಲೇಖವಾಗಿ ಕೊಡಿ. ಆಗ ವರದಿಯಲ್ಲಿ ಆ ಮಕ್ಕಳ ಹೆಸರುಗಳು ತಮ್ಮ ಒಡಹುಟ್ಟಿದವರ ಸಾಲಿನಲ್ಲಿ, ಹುಟ್ಟಿದ ಕ್ರಮದಲ್ಲೇ ಮುದ್ರಣವಾಗುತ್ತವೆ.