ಜಾಯಿನ್ ಮಾಡಿದ ಮೇಲೆ ಅಡಿಕೆ ಬಾಕಿ ತಪ್ಪು ಬರುತ್ತಿದೆ, ಕ್ವೆರಿ ಎಲ್ಲಿ ಸರಿ ಮಾಡಬೇಕು?

ನೀರ್ಚಾಲು ಲೆಕ್ಕ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಅಂಗಡಿ ಉಂಟು. ಖರೀದಿ ಅಪ್ಪ ನೋಡುತ್ತಾರೆ, ಲೆಕ್ಕ ನನ್ನದು. ಮೂರು ವರ್ಷ ಎಕ್ಸೆಲ್‌ನಲ್ಲಿ ಬರೆದೆ. ಈ ಸಲ ಎಲ್ಲವನ್ನೂ ಮೈಎಸ್‌ಕ್ಯೂಎಲ್ 8 ಅನ್ನುವ ಡೇಟಾಬೇಸಿಗೆ ಹಾಕಿದ್ದೇನೆ.

ಟೇಬಲ್ ಮೂರು. ‘ಮನೆ’ಯಲ್ಲಿ ಕೃಷಿಕರ ಸಂಖ್ಯೆ, ಹೆಸರು, ಊರು. ‘ತೂಕ’ದಲ್ಲಿ ಯಾವ ದಿನ ಯಾವ ಮನೆಯಿಂದ ಎಂತ ಬಂತು, ಎಷ್ಟು ಕಿಲೋ, ಏನು ದರ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಅಡಿಕೆಯ ದರ್ಜೆಗಳೆಲ್ಲ ಬೇರೆ ಬೇರೆ ಸಾಲು. ‘ಪಾವತಿ’ಯಲ್ಲಿ ಯಾವ ದಿನ ಎಷ್ಟು ಹಣ ಕೊಟ್ಟೆವು ಅಂತ. ಟೇಬಲ್, ಕಾಲಂ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ, ಮೈಎಸ್‌ಕ್ಯೂಎಲ್ ತಕರಾರಿಲ್ಲದೆ ತೆಗೆದುಕೊಂಡಿದೆ. ಕೀವರ್ಡ್‌ಗಳನ್ನು ಮಾತ್ರ ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ಟೈಪ್ ಮಾಡುವುದು ಇಂಗ್ಲಿಷಿನಲ್ಲೇ. ಜಾಯಿನ್ ಅಂದರೆ ಟೇಬಲ್‌ಗಳನ್ನು ಜೋಡಿಸುವುದು, ಸಮ್ ಅಂದರೆ ಕೂಡಿಸುವುದು, ಗ್ರೂಪ್ ಬೈ ಅಂದರೆ ಸಾಲುಗಳನ್ನು ಗುಂಪು ಮಾಡುವುದು, ಆರ್ಡರ್ ಬೈ ಡೆಸ್ಕ್ ಅಂದರೆ ದೊಡ್ಡದರಿಂದ ಸಣ್ಣದಕ್ಕೆ ಸಾರ್ಟ್ ಮಾಡುವುದು.

ನಮ್ಮಲ್ಲಿ ಯಾರೂ ಒಂದೇ ಸಲ ಅಡಿಕೆ ಕೊಟ್ಟು ಒಂದೇ ಸಲ ಹಣ ತೆಗೆದುಕೊಂಡು ಹೋಗುವುದಿಲ್ಲ. ಸುಲಿದಷ್ಟು ತರುತ್ತಾರೆ. ಕೆಲಸದವರಿಗೆ, ಮಕ್ಕಳ ಫೀಸಿಗೆ, ಗೊಬ್ಬರಕ್ಕೆ ಅಂತ ಬೇಕಾದಾಗ ಬೇಕಾದಷ್ಟು ಪಡೆಯುತ್ತಾರೆ. ಉಳಿದದ್ದು ಅಂಗಡಿಯಲ್ಲಿ ಬಾಕಿ ಇರುತ್ತದೆ. ಆ ಬಾಕಿ ತೆಗೆಯಲು ನಾನು ಬರೆದ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಇದು:

ಸೆಲೆಕ್ಟ್ ಮನೆ.ಹೆಸರು,
ಸಮ್(ತೂಕ.ಕಿಲೋ * ತೂಕ.ದರ) - ಸಮ್(ಪಾವತಿ.ಮೊತ್ತ) ಆ್ಯಸ್ ಬಾಕಿ
ಫ್ರಮ್ ಮನೆ
ಜಾಯಿನ್ ತೂಕ ಆನ್ ತೂಕ.ಮನೆ_ಸಂಖ್ಯೆ = ಮನೆ.ಸಂಖ್ಯೆ
ಜಾಯಿನ್ ಪಾವತಿ ಆನ್ ಪಾವತಿ.ಮನೆ_ಸಂಖ್ಯೆ = ಮನೆ.ಸಂಖ್ಯೆ
ಗ್ರೂಪ್ ಬೈ ಮನೆ.ಹೆಸರು
ಆರ್ಡರ್ ಬೈ ಬಾಕಿ ಡೆಸ್ಕ್

ಎರರ್ ಏನೂ ಬರಲಿಲ್ಲ. ಪಟ್ಟಿಯೂ ಚಂದ ಬಂತು, ದೊಡ್ಡ ಬಾಕಿ ಮೇಲೆ, ಸಣ್ಣದು ಕೆಳಗೆ. ಅದನ್ನು ನಂಬಿ ಈ ವಾರ 11 ಚೀಟಿ ಪ್ರಿಂಟ್ ಮಾಡಿ ಕೊಟ್ಟೆ.

ನಿನ್ನೆ ಕೆಳಗಿನಮನೆಯ ಅಜ್ಜ ಬಂದರು. ನನ್ನ ಚೀಟಿಯಲ್ಲಿ ಬಾಕಿ 23,000. ಅವರು ಜೇಬಿನಿಂದ ಸಣ್ಣ ಡೈರಿ ತೆಗೆದು, ಪೆನ್ಸಿಲಿನಲ್ಲಿ ಬರೆದ ಪುಟ ಬಿಡಿಸಿ ಮೇಜಿನ ಮೇಲಿಟ್ಟರು. ‘ಮಗಳೇ, ನನ್ನದರಲ್ಲಿ 29 ಸಾವಿರ ಉಂಟಲ್ಲ’ ಅಂದರು. ಕೂತು ಕೈಯಲ್ಲೇ ಕೂಡಿಸಿದೆ. ಅವರದ್ದೇ ಸರಿ. ಅವರ ಬಾಕಿ ಚುಕ್ತಾ ಮಾಡಿ ಕಳುಹಿಸಿದ್ದೇನೆ, ಆ ಪಾವತಿಯನ್ನು ಇನ್ನೂ ಟೇಬಲ್‌ಗೆ ಹಾಕಿಲ್ಲ. ಆದರೆ ಉಳಿದ 10 ಮನೆಯವರಲ್ಲಿ ಎಷ್ಟು ಜನ ಡೈರಿ ಬರೆದಿಟ್ಟಿದ್ದಾರೋ! ನಿನ್ನೆ ರಾತ್ರಿಯಿಂದ ಇದೇ ಯೋಚನೆ.

ಇನ್ನೊಂದು: ಕೆಲವು ಮನೆಗಳು ಪಟ್ಟಿಯಲ್ಲೇ ಇಲ್ಲ. ಮೇಲಿನಮನೆಯ ಅಮ್ಮ ಈ ಸೀಸನ್ನಿನಲ್ಲಿ 9 ಸಲ ಅಡಿಕೆ ಕೊಟ್ಟಿದ್ದಾರೆ, ಅವರ ಹೆಸರೇ ಬರುತ್ತಿಲ್ಲ.

ಉಪ್ಪಳ 71 (ಶನಿವಾರ ರಾತ್ರಿ)

ಸಮ್ ಒಳಗೆ ಡಿಸ್ಟಿಂಕ್ಟ್ ಹಾಕಿ ನೋಡಿ. ನನಗೂ ಹೀಗೇ ಆಗಿತ್ತು, ಸರಿಯಾಯಿತು.

ನೀರ್ಚಾಲು ಲೆಕ್ಕ (ಶನಿವಾರ ರಾತ್ರಿ)

ಹಾಕಿದೆ. ಕೆಳಗಿನಮನೆಗೆ ಸರಿಯಾಗಿ 29,000 ಬಂತು. ಖುಷಿಯಾಗಿ ಮುಂದಿನ ಮನೆ ನೋಡಿದರೆ ಅಲ್ಲಿ 10,000 ಜಾಸ್ತಿ ಬಾಕಿ ತೋರಿಸುತ್ತಿದೆ. ಇದು ಹೇಗೆ?

ಮಂಜೇಶ್ವರ ಮೇಷ್ಟ್ರು (ಭಾನುವಾರ ಬೆಳಿಗ್ಗೆ)

ಮಗಳೇ, ಡಿಸ್ಟಿಂಕ್ಟ್ ತೆಗೆದುಬಿಡು. ಆ ಮನೆಯವರು 10,000 ರೂಪಾಯಿಯನ್ನು ಎರಡು ಸಲ ತೆಗೆದುಕೊಂಡಿರಬೇಕು, ನೋಡು. ಸಮ್ ಡಿಸ್ಟಿಂಕ್ಟ್ ಒಂದೇ ಮೊತ್ತವನ್ನು ಒಂದೇ ಸಲ ಎಣಿಸುತ್ತದೆ. ಎರಡು ಬೇರೆ ದಿನ ಕೊಟ್ಟ ಹಣ ಅಂತ ಅದಕ್ಕೆ ಗೊತ್ತಿಲ್ಲ. ನಿಜವಾದ ಪಾವತಿಯೊಂದನ್ನು ನುಂಗಿಬಿಟ್ಟಿತು.

ಅಸಲಿಗೆ ಎಂತ ಆಗಿದೆ ಅಂತ ಕಾಗದದ ಮೇಲೆ ನೋಡಬೇಕು. ಕೆಳಗಿನಮನೆಯವರ ತೂಕ ಮತ್ತು ಪಾವತಿಯ ಸಾಲುಗಳನ್ನು ಇಲ್ಲಿ ಹಾಕು.

ನೀರ್ಚಾಲು ಲೆಕ್ಕ (ಭಾನುವಾರ ಬೆಳಿಗ್ಗೆ)

ಹೌದು ಸರ್, ಆ ಮನೆಗೆ 10,000 ಎರಡು ಸಲ ಕೊಟ್ಟಿದ್ದೇವೆ.

ಕೆಳಗಿನಮನೆಯ ತೂಕ: 62 ಕಿಲೋ, 58 ಕಿಲೋ, 40 ಕಿಲೋ. ಮೂರೂ ಹೊಸ ಅಡಿಕೆ, ದರ 400. ಪಾವತಿ: 20,000 ಮತ್ತು 15,000.

ಮಂಜೇಶ್ವರ ಮೇಷ್ಟ್ರು (ಭಾನುವಾರ ಮಧ್ಯಾಹ್ನ)

ತೂಕದ ಸಾಲು 3, ಪಾವತಿಯ ಸಾಲು 2. ಇವೆರಡಕ್ಕೂ ನೇರ ಸಂಬಂಧ ಇಲ್ಲ, ಎರಡೂ ಒಂದೇ ಮನೆಗೆ ಸೇರಿದವು ಅಷ್ಟೇ. ನೀನು ಮನೆಯ ಮೂಲಕ ಎರಡನ್ನೂ ಒಟ್ಟಿಗೆ ಕಟ್ಟಿದೆ. ಆಗ ಪ್ರತಿ ತೂಕದ ಪಕ್ಕದಲ್ಲೂ ಪ್ರತಿ ಪಾವತಿ ಬಂದು ನಿಲ್ಲುತ್ತದೆ:

62 ಕಿಲೋ, 20,000
62 ಕಿಲೋ, 15,000
58 ಕಿಲೋ, 20,000
58 ಕಿಲೋ, 15,000
40 ಕಿಲೋ, 20,000
40 ಕಿಲೋ, 15,000

ಗ್ರೂಪ್ ಬೈ ಕೆಲಸ ಶುರು ಮಾಡುವ ಹೊತ್ತಿಗೆ ಅದರ ಕೈಯಲ್ಲಿರುವುದು ಈ 6 ಸಾಲು. ಅಡಿಕೆ 160 ಕಿಲೋ ಇದ್ದದ್ದು 320 ಆಯಿತು, ಅಂದರೆ 64,000 ರೂಪಾಯಿಯ ಜಾಗದಲ್ಲಿ 1,28,000. ಕೊಟ್ಟ ಹಣ 35,000 ಇದ್ದದ್ದು ಮೂರು ಪಟ್ಟಾಗಿ 1,05,000. ಕಳೆದರೆ 23,000. ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಹೆಚ್ಚುಕಡಿಮೆ ಮುಚ್ಚಿಕೊಂಡವು. ಉತ್ತರ 6 ಲಕ್ಷ ಅಂತ ಬಂದಿದ್ದರೆ ನೀನೇ ಹಿಡಿಯುತ್ತಿದ್ದೆ. 23,000 ನಂಬುವ ಹಾಗಿತ್ತು, ಅದಕ್ಕೇ ಚೀಟಿ ಹೊರಗೆ ಹೋಯಿತು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲೂ ಮಕ್ಕಳಿಗೆ ಇದೊಂದನ್ನು ಮಾತ್ರ ಬಿಡದೆ ಹೇಳುತ್ತಿದ್ದೆ: ಸಮ್ ಬರೆಯುವ ಮೊದಲು ಗ್ರೂಪ್ ಬೈ ತೆಗೆದು, ಒಂದು ಮನೆಗೆ ಎಷ್ಟು ಸಾಲು ಬರುತ್ತದೆ ಅಂತ ಕಣ್ಣಿಂದ ನೋಡಿ.

ಒಂದು ಸಲ ಮಾತ್ರ ಅಡಿಕೆ ಕೊಟ್ಟು ಒಂದು ಸಲ ಮಾತ್ರ ಹಣ ಪಡೆದ ಮನೆಗೆ ನಿನ್ನ ಹಳೆಯ ಕ್ವೆರಿಯೂ ಸರಿ ಉತ್ತರ ಕೊಡುತ್ತದೆ. ಅಂಥ ಮನೆಗಳನ್ನು ಮಾತ್ರ ಪರೀಕ್ಷೆ ಮಾಡಿದ್ದರೆ ಎಲ್ಲ ಸರಿ ಉಂಟು ಅನಿಸುತ್ತದೆ.

ದಾರಿ ಇದು. ಮೊದಲು ತೂಕವನ್ನು ಮನೆಗೊಂದು ಸಾಲಿಗೆ ಇಳಿಸು. ಪಾವತಿಯನ್ನೂ ಮನೆಗೊಂದು ಸಾಲಿಗೆ ಇಳಿಸು. ಆಮೇಲೆ ಜಾಯಿನ್. ಒಂದಕ್ಕೆ ಒಂದು ಸೇರಿದರೆ ಒಂದೇ ಉಳಿಯುತ್ತದೆ, ಹೆಚ್ಚಾಗಲು ದಾರಿಯೇ ಇಲ್ಲ. ಮೈಎಸ್‌ಕ್ಯೂಎಲ್ 8ರಲ್ಲಿ ವಿತ್ ಉಂಟು (ನಡುವಿನ ಲೆಕ್ಕಕ್ಕೊಂದು ಹೆಸರು ಕೊಡುವುದು), ಅದರಲ್ಲಿ ಬರೆದರೆ ಓದಲು ಸುಲಭ:

ವಿತ್ ಅಡಿಕೆ ಆ್ಯಸ್ (
ಸೆಲೆಕ್ಟ್ ಮನೆ_ಸಂಖ್ಯೆ, ಸಮ್(ಕಿಲೋ * ದರ) ಆ್ಯಸ್ ಬೆಲೆ
ಫ್ರಮ್ ತೂಕ ಗ್ರೂಪ್ ಬೈ ಮನೆ_ಸಂಖ್ಯೆ
),
ಹಣ ಆ್ಯಸ್ (
ಸೆಲೆಕ್ಟ್ ಮನೆ_ಸಂಖ್ಯೆ, ಸಮ್(ಮೊತ್ತ) ಆ್ಯಸ್ ಕೊಟ್ಟದ್ದು
ಫ್ರಮ್ ಪಾವತಿ ಗ್ರೂಪ್ ಬೈ ಮನೆ_ಸಂಖ್ಯೆ
)
ಸೆಲೆಕ್ಟ್ ಮನೆ.ಹೆಸರು, ಅಡಿಕೆ.ಬೆಲೆ - ಹಣ.ಕೊಟ್ಟದ್ದು ಆ್ಯಸ್ ಬಾಕಿ
ಫ್ರಮ್ ಮನೆ
ಲೆಫ್ಟ್ ಜಾಯಿನ್ ಅಡಿಕೆ ಆನ್ ಅಡಿಕೆ.ಮನೆ_ಸಂಖ್ಯೆ = ಮನೆ.ಸಂಖ್ಯೆ
ಲೆಫ್ಟ್ ಜಾಯಿನ್ ಹಣ ಆನ್ ಹಣ.ಮನೆ_ಸಂಖ್ಯೆ = ಮನೆ.ಸಂಖ್ಯೆ
ಆರ್ಡರ್ ಬೈ ಬಾಕಿ ಡೆಸ್ಕ್

ನೀನು ಹೆಸರಿನ ಮೇಲೆ ಗ್ರೂಪ್ ಮಾಡಿದ್ದೆ. ಅದನ್ನು ಬೇಕೆಂದೇ ಬಿಟ್ಟು ಮನೆ_ಸಂಖ್ಯೆ ಹಾಕಿದ್ದೇನೆ. ನಮ್ಮ ಊರುಗಳಲ್ಲಿ ಒಂದೇ ಹೆಸರಿನವರು ಮೂರು ಜನ ಇರುತ್ತಾರೆ ಅಲ್ವಾ? ಹೆಸರಿನ ಮೇಲೆ ಗ್ರೂಪ್ ಮಾಡಿದರೆ ಮೂವರ ಅಡಿಕೆಯೂ ಒಂದೇ ಗೋಣಿಗೆ ಬೀಳುತ್ತದೆ.

ನೀರ್ಚಾಲು ಲೆಕ್ಕ (ಭಾನುವಾರ ಸಂಜೆ)

ಸರ್, ಆ 6 ಸಾಲು ನೋಡಿದ ಮೇಲೆ ಪೂರ್ತಿ ಅರ್ಥವಾಯಿತು. ಹೊಸ ಕ್ವೆರಿ ಓಡಿಸಿದೆ. 11 ಚೀಟಿಯಲ್ಲಿ 7 ತಪ್ಪಿತ್ತು. ಎರಡು ಮನೆಗೆ ಜಾಸ್ತಿ, ಐದು ಮನೆಗೆ ಕಮ್ಮಿ. ಏಳನ್ನೂ ಹೊಸದಾಗಿ ಪ್ರಿಂಟ್ ಮಾಡಿ ಅಪ್ಪನ ಕೈಗೆ ಕೊಟ್ಟಿದ್ದೇನೆ, ಅವರೇ ಮನೆಮನೆಗೆ ಹೋಗಿ ಹಳೆಯದನ್ನು ವಾಪಸ್ ತರುತ್ತಾರೆ.

ಮೇಲಿನಮನೆ ಈಗ ಪಟ್ಟಿಯಲ್ಲಿ ಬಂದಿದೆ. ಆದರೆ ಎಲ್ಲರಿಗಿಂತ ಕೆಳಗೆ. ಬಾಕಿಯ ಜಾಗದಲ್ಲಿ ಸಂಖ್ಯೆಯೇ ಇಲ್ಲ, ನಲ್ ಅಂತ ಉಂಟು. ಅವರು ಮಗಳ ಮದುವೆಗೆ ಅಂತ ಇಡೀ ಸೀಸನ್ನಿನ ಹಣವನ್ನು ನಮ್ಮಲ್ಲೇ ಬಿಟ್ಟಿದ್ದಾರೆ, ಒಂದು ರೂಪಾಯಿಯೂ ತೆಗೆದುಕೊಂಡಿಲ್ಲ.

ತಾಳವಾಡಿ ಡೈರಿ (ಭಾನುವಾರ ರಾತ್ರಿ)

ಅಕ್ಕ, ನಾನು ಇಲ್ಲಿ ತಾಳವಾಡಿಯಲ್ಲಿ ಹಾಲಿನ ಲೆಕ್ಕ ನೋಡಿಕೊಳ್ಳುವವನು. ದಿನಕ್ಕೆರಡು ಸಲ ಹಾಲು, ವಾರಕ್ಕೊಂದು ಸಲ ಹಣ, ನಡುನಡುವೆ ಹಿಂಡಿಯ ಸಾಲ. ನಿಮ್ಮದೇ ಕಥೆ.

ಒಂದು ಪೈಸೆಯೂ ಪಡೆಯದವರಿಗೆ ಪಾವತಿ ಟೇಬಲ್‌ನಲ್ಲಿ ಸಾಲೇ ಇರುವುದಿಲ್ಲ. ನಿಮ್ಮ ಮೊದಲಿನ ಬರೀ ಜಾಯಿನ್ ಅಂಥವರನ್ನು ಪಟ್ಟಿಯಿಂದಲೇ ಬಿಟ್ಟುಬಿಟ್ಟಿತ್ತು. ಲೆಫ್ಟ್ ಜಾಯಿನ್ ಅವರನ್ನು ಉಳಿಸಿಕೊಳ್ಳುತ್ತದೆ, ಆದರೆ ಕೊಟ್ಟದ್ದರ ಜಾಗದಲ್ಲಿ ನಲ್ ಇಡುತ್ತದೆ. ನಲ್ ಅಂದರೆ ಸೊನ್ನೆ ಅಲ್ಲ, ಅಲ್ಲಿ ಸಂಖ್ಯೆಯೇ ಇಲ್ಲ ಅಂತ. ಯಾವ ಸಂಖ್ಯೆಯಿಂದ ನಲ್ ಕಳೆದರೂ ಉತ್ತರ ನಲ್. ಮೈಎಸ್‌ಕ್ಯೂಎಲ್ ಸಾರ್ಟ್ ಮಾಡುವಾಗ ನಲ್ ಅನ್ನು ಎಲ್ಲಕ್ಕಿಂತ ಚಿಕ್ಕದು ಅಂತ ನೋಡುತ್ತದೆ, ಹಾಗಾಗಿ ಡೆಸ್ಕ್‌ನಲ್ಲಿ ತಳಕ್ಕೆ ಹೋಗುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಾದರೆ ಅದೇ ಮೇಲೆ ಬರುತ್ತಿತ್ತು.

ಎರಡೂ ಕಡೆ ಕೋಅಲೆಸ್ ಹಾಕಿ, ನಲ್ ಇದ್ದಲ್ಲಿ ಅದು ಸೊನ್ನೆ ಇಡುತ್ತದೆ:

ಕೋಅಲೆಸ್(ಅಡಿಕೆ.ಬೆಲೆ, 0) - ಕೋಅಲೆಸ್(ಹಣ.ಕೊಟ್ಟದ್ದು, 0) ಆ್ಯಸ್ ಬಾಕಿ

ಅಡಿಕೆ ಕಡೆಗೂ ಬೇಕು. ಮುಂಗಡ ತೆಗೆದುಕೊಂಡು ಇನ್ನೂ ಅಡಿಕೆ ತಾರದವರು ಇರುತ್ತಾರಲ್ಲ, ಅವರ ಬಾಕಿ ಆಗ ಮೈನಸ್‌ನಲ್ಲಿ ಕಾಣುತ್ತದೆ.

ಮುಂದೆ ನೀವು ಖಂಡಿತ ಸೀಸನ್ ಪ್ರಕಾರ ಲೆಕ್ಕ ತೆಗೆಯುತ್ತೀರಿ. ನವೆಂಬರ್ 1ರಿಂದ ಅಂತ ಇಟ್ಟುಕೊಳ್ಳಿ. ಆ ದಿನಾಂಕದ ಷರತ್ತನ್ನು ವಿತ್ ಒಳಗೆ, ತೂಕ ಮತ್ತು ಪಾವತಿಯ ಬ್ರಾಕೆಟ್ಟಿನಲ್ಲೇ ಹಾಕಿ. ಪಾವತಿಯನ್ನು ಲೆಫ್ಟ್ ಜಾಯಿನ್ ಮಾಡಿ, ಕೆಳಗೆ ವೇರ್‌ನಲ್ಲಿ ‘ಪಾವತಿ.ದಿನಾಂಕ ಇಷ್ಟರ ನಂತರ’ ಅಂತ ಬರೆದರೆ, ದಿನಾಂಕವೇ ಇಲ್ಲದ ಮೇಲಿನಮನೆ ಆ ಷರತ್ತಿನಲ್ಲಿ ಪಾಸಾಗದೆ ಮತ್ತೆ ಮಾಯವಾಗುತ್ತದೆ. ನಮ್ಮಲ್ಲಿ ಹೀಗೆ ಎರಡು ತಿಂಗಳು ಒಬ್ಬರ ಹೆಸರೇ ಕಾಣಲಿಲ್ಲ. ಹಿಂದಿನ ಸೀಸನ್ನಿನ ಹಳೆ ಬಾಕಿ ಇದ್ದರೆ ಅದನ್ನೂ ಬೇರೆ ಸಾಲಾಗಿ ಸೇರಿಸಲು ಮರೆಯಬೇಡಿ.

ಪೆರ್ಲದವಳು (ಸೋಮವಾರ ಬೆಳಿಗ್ಗೆ)

ಅಕ್ಕ, ಲೆಕ್ಕ ಸರಿಯಾಯಿತಲ್ಲ, ನಾನು ಸಾರ್ಟ್ ಬಗ್ಗೆ ಮಾತ್ರ ಹೇಳುತ್ತೇನೆ. ಊರಿನ ಹೆಸರಿನ ಪ್ರಕಾರ ಪಟ್ಟಿ ತೆಗೆಯುವಾಗ ಹುಷಾರು. ಕಾಲಂನ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಬೈನರಿ ಇದ್ದರೆ ಅಕ್ಷರದ ಯೂನಿಕೋಡ್ ಸಂಖ್ಯೆಯ ಕ್ರಮದಲ್ಲೇ ಸಾರ್ಟ್ ಆಗುತ್ತದೆ. ಯೂನಿಕೋಡ್‌ನಲ್ಲಿ ಳ ಇರುವುದು ಲ ಆದ ಕೂಡಲೇ, ವ ಗಿಂತ ಮೊದಲು. ಶಾಲೆಯಲ್ಲಿ ನಾವು ಕಲಿತದ್ದು ಹ ಆದ ಮೇಲೆ ಳ. ಹಾಗಾಗಿ ಬೇಳ ಮೊದಲು ಬಂದು ಬೇವಿಂಜೆ ಆಮೇಲೆ ಬರುತ್ತದೆ, ನಿಘಂಟಿನಲ್ಲಿ ಇದಕ್ಕೆ ಉಲ್ಟಾ.

ಮಲಯಾಳ ಲಿಪಿಯಲ್ಲಿ ಬರೆದ ಹೆಸರುಗಳೂ ನಿಮ್ಮಲ್ಲಿ ಇರಬಹುದು. ಅವೆಲ್ಲ ಕನ್ನಡದವು ಮುಗಿದ ಮೇಲೆ ಒಟ್ಟಿಗೆ ಬರುತ್ತವೆ. ಒಂದೇ ಕುಂಬಳೆ ಎರಡು ಕಡೆ ಕಾಣುತ್ತದೆ. ಊರನ್ನು ಪ್ರತಿ ಸಲ ಟೈಪ್ ಮಾಡುವುದು ಬಿಟ್ಟು ‘ಊರು’ ಅಂತ ಇನ್ನೊಂದು ಟೇಬಲ್ ಮಾಡಿ, ಅದರಲ್ಲಿ ‘ಕ್ರಮ’ ಅಂತ ಒಂದು ಕಾಲಂ ಇಡಿ. ಆಮೇಲೆ ಜಾಯಿನ್ ಮಾಡಿ ಆರ್ಡರ್ ಬೈ ಊರು.ಕ್ರಮ, ಬಾಕಿ ಡೆಸ್ಕ್. ಮೊದಲು ಊರಿನ ಪ್ರಕಾರ, ಊರಿನೊಳಗೆ ದೊಡ್ಡ ಬಾಕಿ ಮೇಲೆ.

ಇನ್ನೊಂದು ಸಣ್ಣ ವಿಷಯ. ಚೀಟಿಯಲ್ಲಿ ಯಾವ ಯಾವ ಅಡಿಕೆ ಕೊಟ್ಟರು ಅಂತ ಒಂದೇ ಸಾಲಲ್ಲಿ ತೋರಿಸಲು ಗ್ರೂಪ್ ಕಾನ್‌ಕ್ಯಾಟ್ ಬಳಸುತ್ತೀರಾದರೆ, ಮೈಎಸ್‌ಕ್ಯೂಎಲ್ ಅದನ್ನು 1024 ಬೈಟಿಗೆ ಕತ್ತರಿಸುತ್ತದೆ. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟ್ ಬೇಕು. ‘ಹೊಸ ಅಡಿಕೆ’ ಅನ್ನುವುದಕ್ಕೇ 25 ಬೈಟ್. ನಡುವಿನ ಕಾಮಾ ಸೇರಿಸಿದರೆ 39 ಸಲ ಹಿಡಿಸುತ್ತದೆ, 40ನೆಯದು ಅರ್ಧಕ್ಕೇ ತುಂಡಾಗುತ್ತದೆ. ಬರೀ ವಾರ್ನಿಂಗ್ ಬರುತ್ತದೆ, ಎರರ್ ಅಲ್ಲ. ಗ್ರೂಪ್ ಕಾನ್‌ಕ್ಯಾಟ್ ಮ್ಯಾಕ್ಸ್ ಲೆನ್ ಅನ್ನುವ ಸೆಟ್ಟಿಂಗ್ ಜಾಸ್ತಿ ಮಾಡಿಕೊಳ್ಳಿ.

ನೀರ್ಚಾಲು ಲೆಕ್ಕ (ಸೋಮವಾರ ರಾತ್ರಿ)

ಊರಿನ ಟೇಬಲ್ ಮಾಡಿದೆ. ಕ್ರಮ ಏನಿರಬೇಕು ಅಂತ ಅಪ್ಪನನ್ನು ಕೇಳಿದರೆ, ಅಕಾರಾದಿ ಎಲ್ಲ ಬೇಡ, ಪಿಕಪ್ ಹೋಗುವ ದಾರಿಯ ಪ್ರಕಾರ ಹಾಕು ಅಂದರು. ಸೀತಾಂಗೋಳಿ 1, ಬೇಳ 2, ನೀರ್ಚಾಲು 3, ಬದಿಯಡ್ಕ 4. ಈಗ ಅವರು ಪಟ್ಟಿ ಹಿಡಿದುಕೊಂಡು ದಾರಿಯುದ್ದಕ್ಕೂ ಹೋಗಬಹುದು. ಥ್ಯಾಂಕ್ಸ್ ತಂಗಿ.

ಪಾವತಿ, ತೂಕ ಎರಡರಲ್ಲೂ ದಿನಾಂಕವನ್ನು ಬ್ರಾಕೆಟ್ಟಿನೊಳಗೆ ಹಾಕಿದೆ. ಕೋಅಲೆಸ್ ಹಾಕಿ, ಬರೀ ಬಾಕಿಯ ಪ್ರಕಾರ ಒಮ್ಮೆ ಸಾರ್ಟ್ ಮಾಡಿದೆ. ಮೇಲಿನಮನೆ, 412 ಕಿಲೋ, 1,64,800 ರೂಪಾಯಿ. ಇಡೀ ಪಟ್ಟಿಯ ಮೊದಲ ಸಾಲು. ನಾವು ಅತಿ ಹೆಚ್ಚು ಕೊಡಬೇಕಾದ ಮನೆಯೇ ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ 9 ತೂಕವನ್ನೂ ಹಳೇ ಪುಸ್ತಕದ ಜೊತೆ ಇಟ್ಟು ಕೈಯಲ್ಲಿ ಕೂಡಿಸಿ ನೋಡಿದೆ, ಸರಿ ಉಂಟು. ಮದುವೆಗೆ ಇನ್ನು ಮೂರು ವಾರ. ನಾಳೆ ಅಪ್ಪ ಬ್ಯಾಂಕಿಗೆ ಹೋಗುತ್ತಾರೆ.